ದುಡ್ಡು ಕೊಡಿ, ಜುಟ್ಟು ಬಿಡಬೇಡಿ

ನಿಮ್ಮ ಕೈಯಲ್ಲಿ ನಾಲ್ಕು ಕಾಸು ಆಡುತ್ತಿದೆ. ಸೇಲಂನ ಸಬ್ಬಕ್ಕಿ ಮಿಲ್ಲಿನದಿರಬಹುದು, ಹೊಸೂರಿನ ಕಾರ್ಖಾನೆಯದಿರಬಹುದು, ಬೆಂಗಳೂರಿನ ಗಾಜಿನ ಕಟ್ಟಡದ್ದೂ ಇರಬಹುದು. ಮಗಳ ಮದುವೆ ಮುಗಿಯಿತು, ತಿರುಪತಿಯ ಹರಕೆ ತೀರಿತು, ಇನ್ನು ಸಮಾಜಕ್ಕೆ ಏನಾದರೂ ಮಾಡಬೇಕು ಅನ್ನಿಸಿದೆ. ಒಂದು ಪ್ರತಿಷ್ಠಾನ ಕಟ್ಟಿ, ಸೇಲಂ, ಧರ್ಮಪುರಿ ಕಡೆಯ ಹಳ್ಳಿಗಳಲ್ಲಿ ಊರ ಕೆಲಸಗಳಿಗೂ ಊರ ಮುಂದಾಳುಗಳಿಗೂ ನೆರವಾಗಬೇಕೆಂದು ಹೊರಟಿದ್ದೀರಿ. ಸಂತೋಷ.

ಆದರೆ ಊರಿಗೆ ದುಡ್ಡು ಕೊಡುವುದರಲ್ಲಿ ಎರಡು ಅಪಾಯಗಳಿವೆ. ಒಂದು, ಕೆಲಸ ಆಗಿಬಿಡಬಹುದು. ಇದನ್ನು ಹೇಗೋ ಸಹಿಸಿಕೊಳ್ಳಬಹುದು. ಎರಡನೆಯದು, ಕೆಲಸ ಮಾಡಿದವರು ಮುಂದಿನ ಸಲ ನಿಮ್ಮನ್ನು ಕೇಳದೆಯೇ ಮಾಡಿಕೊಂಡುಬಿಡಬಹುದು. ಇದನ್ನು ತಡೆಯಲೇಬೇಕು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುವ ಗಾದೆ ಹುಟ್ಟಿದ್ದೇ ಕೊಡುವ ಕಲೆ ಗೊತ್ತಿಲ್ಲದವರ ದೆಸೆಯಿಂದ. ಕೆಳಗಿನ ಹಂತಗಳನ್ನು ಒಂದೂ ಬಿಡದೆ ಪಾಲಿಸಿ. ಕೊಟ್ಟ ಮೇಲೂ ನೀವೇ ಈರಭದ್ರನಾಗಿ ಉಳಿಯುತ್ತೀರಿ. ಸೂತ್ರ ಇಷ್ಟೇ: ಹಣ ಕೊಡಿ, ತೀರ್ಮಾನ ಕೊಡಬೇಡಿ.

ಹಂತ 1: ಟ್ರಸ್ಟನ್ನು ಮನೆಯೊಳಗೇ ಕಟ್ಟಿ

ಒಳ್ಳೆಯ ವಕೀಲರನ್ನು ಹಿಡಿದು ಟ್ರಸ್ಟ್ ಡೀಡ್ ಬರೆಸಿ. ಅಧ್ಯಕ್ಷರು ನೀವು. ಖಜಾಂಚಿ ನಿಮ್ಮ ಮನೆಯವರು. ಕಾರ್ಯದರ್ಶಿ ಭಾವಮೈದ. ಒಬ್ಬರಾದರೂ ಹೊರಗಿನವರಿರಲಿ ಅನ್ನಿಸಿದರೆ ನಿಮ್ಮ ಆಡಿಟರನ್ನು ಸೇರಿಸಿಕೊಳ್ಳಿ. ಉದ್ದೇಶಗಳ ಪಟ್ಟಿಯಲ್ಲಿ ಶಿಕ್ಷಣ, ಆರೋಗ್ಯ, ನೀರು, ಪರಿಸರ, ಮಹಿಳೆ, ಯುವಜನ, ನಾಯಕತ್ವ ಎಲ್ಲವನ್ನೂ ತುಂಬಿ. ಏನು ಮಾಡುವುದಿಲ್ಲ ಎಂದು ಮಾತ್ರ ಎಲ್ಲೂ ಬರೆಯಬೇಡಿ. ಧರ್ಮಪುರಿಯ ರೈತರನ್ನಾಗಲಿ ಸೇಲಂನ ನೇಕಾರ ಹೆಂಗಸರನ್ನಾಗಲಿ ಮಂಡಳಿಗೆ ತರಬೇಡಿ. ಅವರು ಸಭೆಯಲ್ಲಿ ಹಸಿವಿನ ವಿಷಯ ಎತ್ತುತ್ತಾರೆ, ಗೋಡಂಬಿ ತಟ್ಟೆ ಮುಂದಿರುವಾಗ ಎಲ್ಲರಿಗೂ ಮುಜುಗರ.

ನಿಮ್ಮದು ದೊಡ್ಡ ಕಂಪನಿಯಾದರೆ ಕಾಯ್ದೆಯೇ ನಿಮ್ಮನ್ನು ದಾನಿ ಮಾಡಿದೆ. 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದಿದ್ದರೂ ಸಾಕು. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಸಿಎಸ್‌ಆರ್ ಅನ್ನುವುದು ಇದನ್ನೇ. ಭಾಷಣದಲ್ಲಿ ಇದನ್ನು ‘ನಮ್ಮ ಮನೆತನದ ಸಂಸ್ಕಾರ’ ಎಂದು ಕರೆಯಿರಿ. ಸಂಸ್ಕಾರ 2014ರ ಏಪ್ರಿಲ್ 1ರಂದು ಜಾರಿಗೆ ಬಂದದ್ದನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ಆಡಳಿತ ವೆಚ್ಚ ಶೇ. 5 ಮೀರಬಾರದು ಎಂಬ ನಿಯಮವೂ ಇದೆ. ಅದನ್ನು ಕಂಡು ಹೆದರಬೇಡಿ, ಬಳಸಿಕೊಳ್ಳಿ. ದಿನವಿಡೀ ಟಿವಿಎಸ್ ಎಕ್ಸ್‌ಎಲ್ ಮೇಲೆ ಹಳ್ಳಿಯಿಂದ ಹಳ್ಳಿಗೆ ಓಡಾಡುವ ಹುಡುಗಿಯ ಸಂಬಳವನ್ನು ‘ಆಡಳಿತ ವೆಚ್ಚ’ದ ಕೆಳಗೆ ಬರೆದು ಕತ್ತರಿಸಿ. ಸೇಲಂನ ಹೋಟೆಲಿನಲ್ಲಿ ನಡೆದ ಸಮಾವೇಶವನ್ನು ‘ಸಾಮರ್ಥ್ಯ ವೃದ್ಧಿ’ಯ ಕೆಳಗೆ ಬರೆದು ಉಳಿಸಿ.

ಹಂತ 2: ಇಲ್ಲಿ ಮೊದಲು ಏನೂ ಇರಲಿಲ್ಲ ಎಂದು ನಂಬಿ

ವರದಿಯ ಮೊದಲ ವಾಕ್ಯವನ್ನು ಈಗಲೇ ಬರೆದಿಟ್ಟುಕೊಳ್ಳಿ: ‘ನಾವು ಬರುವ ಮುಂಚೆ ಈ ಜನರಲ್ಲಿ ಸಂಘಟನೆಯ ಅರಿವಿರಲಿಲ್ಲ.’ ಇದನ್ನು ಕಾಪಾಡಿಕೊಳ್ಳಬೇಕಾದರೆ ಜಿಲ್ಲೆಯ ಚರಿತ್ರೆ ಓದದಿರುವುದು ಕ್ಷೇಮ. ಓದಿದರೆ ಅಡ್ಡಿಗಳು ಎದುರಾಗುತ್ತವೆ. ಯಾವ ಅಡ್ಡಿಗಳೆಂದು ತಿಳಿದಿರಲಿ.

ಟಿಬೆಟನ್ ನಿರಾಶ್ರಿತರ ಪುನರ್ವಸತಿಗೆಂದು 1968ರಲ್ಲಿ ಕರ್ನಾಟಕದಲ್ಲಿ ಹುಟ್ಟಿದ ಮೈರಾಡ ಎಂಬ ಸಂಸ್ಥೆಯಿದೆ. ಎಂಬತ್ತರ ದಶಕದ ನಡುವಿನಲ್ಲಿ, ದೊಡ್ಡ ಸಹಕಾರ ಸಂಘಗಳು ಒಡೆದು ಹೋಳಾದಾಗ, ಒಬ್ಬರನ್ನೊಬ್ಬರು ನಂಬುವ ಹದಿನೈದಿಪ್ಪತ್ತು ಜನರ ಸಣ್ಣ ಗುಂಪುಗಳು ತಾವಾಗಿಯೇ ನಿಂತದ್ದನ್ನು ಅದು ಗಮನಿಸಿತು. 1987ರಲ್ಲಿ ನಬಾರ್ಡ್ ಆ ಸಂಸ್ಥೆಗೆ 10 ಲಕ್ಷ ರೂಪಾಯಿ ಕೊಟ್ಟು ಪ್ರಯೋಗ ಮಾಡಿ ನೋಡಿ ಎಂದಿತು. ಗುಂಪು ತನ್ನ ಉಳಿತಾಯಕ್ಕೆ ತಾನೇ ಒಡೆಯ. ಸಾಲ ಯಾರಿಗೆ, ಬಡ್ಡಿ ಎಷ್ಟು, ತಡವಾಗಿ ಬಂದವರಿಗೆ ದಂಡ ಎಷ್ಟು ಎಂಬುದೆಲ್ಲ ಅದರದೇ ತೀರ್ಮಾನ. ಅಂತರರಾಷ್ಟ್ರೀಯ ಕೃಷಿ ಅಭಿವೃದ್ಧಿ ನಿಧಿಯ ನೆರವಿನ ತಮಿಳುನಾಡು ಮಹಿಳಾ ಅಭಿವೃದ್ಧಿ ಯೋಜನೆ 1989ರಲ್ಲಿ ಶುರುವಾದದ್ದು ಇದೇ ಧರ್ಮಪುರಿಯಲ್ಲಿ. ಸೇಲಂಗೆ ಬಂದದ್ದು ಆಮೇಲೆ. ಅದೇ ಮುಂದೆ ‘ಮಗಳಿರ್ ತಿಟ್ಟಂ’ ಆಗಿ ಇಡೀ ರಾಜ್ಯಕ್ಕೆ ಹಬ್ಬಿತು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು. ದೇಶದ ಸ್ವಸಹಾಯ ಸಂಘಗಳ ಬ್ಯಾಂಕ್ ಜೋಡಣೆ ಬೆಳೆದದ್ದು ಅಲ್ಲಿಂದ.

ಅಂದರೆ ನೀವು ‘ಉಳಿತಾಯ ಎಂದರೇನು’ ಎಂದು ಪಾಠ ಹೇಳಲು ಹೊರಟಿರುವ ಹೆಂಗಸರ ತಾಯಂದಿರೇ ಮೂವತ್ತು ವರ್ಷದ ಹಿಂದೆ ಲೆಕ್ಕದ ಪುಸ್ತಕ ಇಟ್ಟವರು. ಎದೆಗುಂದಬೇಡಿ. ಪಾಠ ಹೇಳಿಯೇ ತೀರಿ. ಪ್ರತಿಯೊಬ್ಬರಿಗೂ ನಿಮ್ಮ ಕಂಪನಿಯ ಚಿಹ್ನೆಯಿರುವ ಒಂದು ಹುಂಡಿ ಕೊಡಿ. ಅವರು ನಗುವುದು ಕಂಡರೆ ‘ಸಂತಸದ ಕ್ಷಣ’ ಎಂದು ಶೀರ್ಷಿಕೆ ಕೊಟ್ಟು ಫೋಟೋ ಹಾಕಿ.

ಹಂತ 3: ಒಂದೇ ದಿನದಲ್ಲಿ ಊರನ್ನು ಅರ್ಥಮಾಡಿಕೊಳ್ಳಿ

ಬೆಂಗಳೂರಿನಿಂದ ಬೆಳಗ್ಗೆ ಆರಕ್ಕೆ ಹೊರಡಿ. 44ನೇ ಹೆದ್ದಾರಿ ಹಿಡಿದು ಹೊಸೂರು, ಕೃಷ್ಣಗಿರಿ ದಾಟಿದರೆ ತಿಂಡಿ ಮುಗಿಸಿಕೊಂಡೂ ಹತ್ತರೊಳಗೆ ಧರ್ಮಪುರಿ. ಹೆದ್ದಾರಿಯಿಂದ ಎರಡು ಕಿಲೋಮೀಟರಿಗಿಂತ ಒಳಗಿನ ಹಳ್ಳಿಯನ್ನು ಆರಿಸಬೇಡಿ, ಕಾರಿನ ಅಡಿಗೆ ಕಲ್ಲು ತಾಗುತ್ತದೆ. 1792ರಲ್ಲಿ ಟಿಪ್ಪುವಿನಿಂದ ಬಾರಾಮಹಲ್ ಎಂಬ ಈ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದಾಗ, ಅಲೆಕ್ಸಾಂಡರ್ ರೀಡ್ ಮತ್ತು ಅವನ ಸಹಾಯಕ ಥಾಮಸ್ ಮನ್ರೋ ಇಲ್ಲಿನ ಹೊಲಗಳನ್ನು ಅಳೆಸುತ್ತಾ, ಕಂದಾಯ ಗೊತ್ತುಮಾಡುತ್ತಾ ಏಳು ವರ್ಷ ಕಳೆದರು. ತೆರಿಗೆ ವಸೂಲಿಗೆ ಬಂದವರಿಗೆ ಅಷ್ಟು ಸಮಯ ಬೇಕು. ಉದ್ಧಾರಕ್ಕೆ ಬಂದ ನಿಮಗೆ ಮಧ್ಯಾಹ್ನದವರೆಗೆ ಸಾಕು.

ಸಭೆಯನ್ನು ಇಂಗ್ಲಿಷಿನಲ್ಲಿ ನಡೆಸಿ. ಪೆನ್ನಾಗರಂ ಕಡೆಯ ಹಳ್ಳಿಗಳಲ್ಲಿ, ಸೇಲಂನ ದೇವಾಂಗರ ಬೀದಿಗಳಲ್ಲಿ ಮನೆಮಾತು ಕನ್ನಡವೇ ಆಗಿರುವ ಕುಟುಂಬಗಳಿವೆ. ನಿಮ್ಮದೂ ಅದೇ ಮಾತು ಎಂಬುದನ್ನು ಅಲ್ಲಿ ತೋರಿಸಿಕೊಳ್ಳಬೇಡಿ. ನೀವು ಕನ್ನಡದಲ್ಲಿ ಕೇಳಿದರೆ ಅವರು ಕನ್ನಡದಲ್ಲೇ ಹೇಳಿಬಿಡುತ್ತಾರೆ, ಆಮೇಲೆ ಕೇಳಿಸಲಿಲ್ಲ ಅನ್ನಲಾಗದು. ದುಭಾಷಿಯನ್ನು ಇಟ್ಟುಕೊಳ್ಳಿ. ಮುದುಕಿಯೊಬ್ಬಳು ಎದ್ದು ನಿಂತು, ‘ಕೆರೆಗೆ ನೀರು ಬರೋ ಕಾಲುವೆ ಮೇಲೆ ಯಾರ್ಯಾರು ಮನೆ ಕಟ್ಟವರೆ ಅಂತ ಮೊದಲು ಕೇಳಪ್ಪ’ ಅಂದರೆ, ದುಭಾಷಿ ಅದನ್ನು ‘ನಿಮ್ಮ ಆಗಮನದಿಂದ ಇವರಿಗೆ ತುಂಬಾ ಸಂತೋಷವಾಗಿದೆ’ ಎಂದು ತಿಳಿಸುತ್ತಾನೆ.

ಊಟಕ್ಕೆ ರಾಗಿ ಮುದ್ದೆ ಕೇಳಿ, ಫೋಟೋ ತೆಗೆಸಿಕೊಳ್ಳಿ, ಅರ್ಧ ಬಿಡಿ. ಸಂಜೆ ನಾಲ್ಕಕ್ಕೆ ಹೊರಟರೆ ಸಿಲ್ಕ್ ಬೋರ್ಡ್ ದಟ್ಟಣೆಗೆ ಸರಿಯಾಗಿ ಸಿಕ್ಕಿಕೊಳ್ಳಬಹುದು. ಆ ಹೊತ್ತಿನಲ್ಲಿ ವರದಿ ಬರೆದು ಮುಗಿಸಿ.

ಹಂತ 4: ನಾಯಕನನ್ನು ನೀವೇ ಆರಿಸಿ

ಸ್ಥಳೀಯ ನಾಯಕತ್ವಕ್ಕೆ ಹಣ ಕೊಡುವಾಗ ‘ಸ್ಥಳೀಯ’ ಎಂಬುದನ್ನು ಹಗುರಾಗಿಯೂ ‘ನಾಯಕ’ ಎಂಬುದನ್ನು ಭಾರವಾಗಿಯೂ ಹಿಡಿಯಿರಿ. ಲಕ್ಷಣಗಳು ಹೀಗಿರಲಿ: ನಿಮ್ಮ ಕಾರಿಗೆ ಬಾಗಿಲು ತೆರೆಯುವವನು, ವಾಟ್ಸ್‌ಆ್ಯಪ್ ಸಂದೇಶಕ್ಕೆ ಎರಡು ನಿಮಿಷದಲ್ಲಿ ಉತ್ತರಿಸುವವನು, ಬಿಳಿ ಪಂಚೆಗೆ ಇಸ್ತ್ರಿ ಹಾಕಿರುವವನು, ‘ಸಾರ್, ನೀವು ಹೇಳಿದ ಹಾಗೇ’ ಅನ್ನುವವನು. ಅವನಿಗೆ ಫೆಲೋಶಿಪ್ ಕೊಡಿ. ಆಮೇಲೆ ಅವನನ್ನು ಯೇರ್ಕಾಡಿಗೆ ಕರೆದೊಯ್ಯಿರಿ. ಸೇಲಂನಿಂದ 20 ಹೇರ್‌ಪಿನ್ ತಿರುವು ಹತ್ತುವಷ್ಟರಲ್ಲಿ ಊರಿನ ಯೋಚನೆ ತಲೆಯಿಂದ ಇಳಿದಿರುತ್ತದೆ. ರೆಸಾರ್ಟಿನಲ್ಲಿ ಬಣ್ಣದ ಚೀಟಿಗಳನ್ನು ಗೋಡೆಗೆ ಅಂಟಿಸುವ ಆಟ ಆಡಿಸಿ, ಪ್ರಮಾಣಪತ್ರ ಕೊಟ್ಟು ಕಳಿಸಿ.

ಇವರಿಂದ ದೂರವಿರಿ. ಕೆರೆಯ ತೂಬು ಯಾವಾಗ ಎಷ್ಟು ಎತ್ತಬೇಕೆಂದು ಬಲ್ಲ ನೀರುಗಂಟಿ: ಅವನಿಗೆ ಪವರ್‌ಪಾಯಿಂಟ್ ಬಾರದು. ಬೆಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಬಂದ ಧರ್ಮಪುರಿಯ ಹುಡುಗ: ಅವನು ನಿಮ್ಮ ಆಫೀಸಿನ ಎದುರಿನ ಕಟ್ಟಡದಲ್ಲೇ ಇರಬಹುದು, ಆದರೂ ‘ಊರಲ್ಲಿ ಯುವಕರೇ ಇಲ್ಲ’ ಎಂದು ವರದಿಯಲ್ಲಿ ಬರೆಯುವುದು ನಿಮಗೆ ಬೇಕು. ಸಂಘದಲ್ಲಿ ‘ಲೆಕ್ಕ ಓದಿ’ ಅನ್ನುವ ಹೆಂಗಸು: ಅವಳು ಇಂದು ಸಂಘದ ಲೆಕ್ಕ ಕೇಳುತ್ತಾಳೆ, ನಾಳೆ ನಿಮ್ಮದನ್ನು.

ಚುನಾಯಿತರ ವಿಷಯದಲ್ಲಿ ಇನ್ನೂ ಹುಷಾರಾಗಿರಿ. ತಮಿಳುನಾಡಿನ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಅಧ್ಯಕ್ಷೆ ಸಿಕ್ಕರೆ ನಮಸ್ಕಾರ ಹೇಳಿ, ಮಾತನ್ನು ಅವರ ಯಜಮಾನರ ಜೊತೆ ಆಡಿ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಅಲ್ಲಿ ಗ್ರಾಮಸಭೆ ನಡೆಯುವ ದಿನಗಳಲ್ಲಿ ಕೆಲವು. ನಿಮ್ಮ ಉಚಿತ ಕಣ್ಣಿನ ತಪಾಸಣೆ, ಸೀರೆ ಹಂಚಿಕೆಯನ್ನು ಅದೇ ದಿನಗಳಿಗೆ ಇಟ್ಟುಕೊಳ್ಳಿ. ಜನ ಎಲ್ಲಿ ಸೇರುತ್ತಾರೆ ನೋಡಿ. ನಾಯಕತ್ವ ಎಲ್ಲಿದೆ ಎಂದು ತಾನಾಗಿಯೇ ತಿಳಿಯುತ್ತದೆ.

ದಾರಿ ತಪ್ಪಿದವರ ಉದಾಹರಣೆ ಬೇಕೆಂದರೆ ಧರ್ಮಪುರಿಯ ಸಿಟ್ಟಿಲಿಂಗಿ ಕಣಿವೆಗೆ ಹೋಗಿ. ಡಾ. ರೆಜಿ ಜಾರ್ಜ್ ಮತ್ತು ಡಾ. ಲಲಿತಾ ದಂಪತಿ 1993ರಲ್ಲಿ ಅಲ್ಲಿಗೆ ಹೋದಾಗ ಹುಟ್ಟಿದ ಸಾವಿರ ಮಕ್ಕಳಲ್ಲಿ 147 ಮಕ್ಕಳು ವರ್ಷ ತುಂಬುವುದರೊಳಗೆ ಸಾಯುತ್ತಿದ್ದವು ಎಂಬುದು ಅವರ ಲೆಕ್ಕ. ಅವರು ಮೊದಲು ಕಟ್ಟಡ ಕಟ್ಟಬೇಕಿತ್ತು, ಗೋಡೆಗೆ ಅಮೃತಶಿಲೆ ಹಾಕಬೇಕಿತ್ತು. ಹಾಗೆ ಮಾಡದೆ ಮಣ್ಣಿನ ಗುಡಿಸಲಲ್ಲಿ ಆಸ್ಪತ್ರೆ ಶುರುಮಾಡಿ, ಅಲ್ಲಿನ ಮಲೆವಾಸಿ ಹುಡುಗಿಯರಿಗೇ ಹೆರಿಗೆ, ಶುಶ್ರೂಷೆ ಕಲಿಸಿದರು. ಫಲ ನೋಡಿ. ಮಕ್ಕಳ ಸಾವು ಇಪ್ಪತ್ತರ ಆಸುಪಾಸಿಗೆ ಇಳಿಯಿತು. ಅಷ್ಟಕ್ಕೇ ನಿಲ್ಲಲಿಲ್ಲ. ರೈತರು ಸಾವಯವ ಕೃಷಿಕರ ಸಂಘ ಕಟ್ಟಿಕೊಂಡರು. ಲಂಬಾಣಿ ಹೆಂಗಸರು ಅಜ್ಜಿಯರ ಕಸೂತಿಯನ್ನು ಮತ್ತೆ ಎತ್ತಿಕೊಂಡು ‘ಪೋರ್ಗೈ’ ಎಂದು ಮಾರಾಟಕ್ಕಿಳಿದರು. ಈಗ ಆ ಕಣಿವೆಯಲ್ಲಿ ಉದ್ಘಾಟನೆಗೆ ಹೊಸದಾಗಿ ಏನು ಉಳಿದಿದೆ ಹೇಳಿ?

ಕರ್ನಾಟಕದಲ್ಲೂ ಇಂಥ ಕೆಟ್ಟ ಮಾದರಿಗಳಿವೆ. ಹುಬ್ಬಳ್ಳಿಯ ದೇಶಪಾಂಡೆ ಫೌಂಡೇಶನ್ ‘ಲೀಡ್’ ಎಂಬ ಕಾರ್ಯಕ್ರಮದಲ್ಲಿ ಕಾಲೇಜು ಹುಡುಗ ಹುಡುಗಿಯರ ಕೈಗೆ ಸಣ್ಣ ಮೊತ್ತ ಕೊಟ್ಟು, ನಿಮ್ಮೂರಿನ ಸಮಸ್ಯೆಯನ್ನು ನೀವೇ ಆರಿಸಿ, ನೀವೇ ಬಿಡಿಸಿ ಅನ್ನುತ್ತದೆ. ಸಮಸ್ಯೆ ಆರಿಸುವ ಅಧಿಕಾರವನ್ನೇ ಕೊಟ್ಟ ಮೇಲೆ ಕೊಟ್ಟವರಿಗೆ ಉಳಿಯುವುದೇನು?

ಹಂತ 5: ಅರ್ಜಿ ನಮೂನೆಯಲ್ಲೇ ಸೋಸಿ

ಅರ್ಜಿ ನಲವತ್ತು ಪುಟ ಇರಲಿ, ಇಂಗ್ಲಿಷಿನಲ್ಲಿರಲಿ, ಆನ್‌ಲೈನಿನಲ್ಲೇ ತುಂಬುವಂತಿರಲಿ, ರಾತ್ರಿ ಹನ್ನೆರಡಕ್ಕೆ ಮುಚ್ಚಿಕೊಳ್ಳಲಿ. ತೆರಿಗೆ ವಿನಾಯಿತಿಯ ನೋಂದಣಿ, ಸಿಎಸ್‌ಆರ್-1 ನೋಂದಣಿ, ಮೂರು ವರ್ಷದ ಆಡಿಟ್ ವರದಿ ಕೇಳಿ. ಕೆರೆ ಬಳಕೆದಾರರ ಸಂಘ ಇಲ್ಲೇ ಉದುರಿಹೋಗುತ್ತದೆ. ಉಳಿಯುವುದು ನಗರದಲ್ಲಿ ಕಚೇರಿ ಇರುವ, ಅರ್ಜಿ ಬರೆಯಲೆಂದೇ ಇಬ್ಬರನ್ನು ಇಟ್ಟುಕೊಂಡಿರುವ ಸಂಸ್ಥೆ. ಅವರು ನಿಮ್ಮ ಹಳೆಯ ವರದಿಯ ಪದಗಳನ್ನೇ ನಿಮಗೆ ತಿರುಗಿಸಿ ಬರೆದುಕೊಡುತ್ತಾರೆ. ಓದುವಾಗ ಎಷ್ಟು ಸರಿಯಾಗಿ ಬರೆದಿದ್ದಾರೆ ಅನ್ನಿಸುತ್ತದೆ. ಮಂಜೂರು ಮಾಡಿ.

ಸಂಬಳಕ್ಕೆ ಹಣ ಕೊಡುವುದಿಲ್ಲ, ಸಾಮಾನಿಗೆ ಮಾತ್ರ ಕೊಡುತ್ತೇವೆ ಎಂದು ಷರತ್ತು ಹಾಕಿ. ಮನುಷ್ಯರಿಗೆ ಕೊಟ್ಟ ದುಡ್ಡು ಕಣ್ಣಿಗೆ ಕಾಣುವುದಿಲ್ಲ, ಅದರ ಮೇಲೆ ಹೆಸರು ಬರೆಸಲೂ ಆಗುವುದಿಲ್ಲ. ಅವಧಿ ಒಂದು ವರ್ಷ. ‘ಶಾಶ್ವತ ಬದಲಾವಣೆ’ ಎಂಬ ಮಾತು ಒಪ್ಪಂದದಲ್ಲಿ ಮೂರು ಕಡೆಯಾದರೂ ಬರಲಿ.

ಹಂತ 6: ಕಣ್ಣಿಗೆ ಹೊಡೆಯುವ ಕೆಲಸ ಹಿಡಿಯಿರಿ

ಆರಂಭಕ್ಕೆ ಕೆರೆ ಒಳ್ಳೆಯದು. ಎರಡು ಜೆಸಿಬಿ ಇಳಿಸಿ. ಹೂಳು ತೆಗೆಯುವುದನ್ನು ಡ್ರೋನ್‌ನಲ್ಲಿ ಚಿತ್ರೀಕರಿಸಿ. ಬಳ್ಳಾರಿ ಜಾಲಿಯನ್ನು ಕೀಳದೆ ಮೇಲಿಂದ ಕಡಿಸಿ. ಮುಂದಿನ ವರ್ಷದ ಯೋಜನೆಗೆ ಅದೇ ಬೇರು ಸಾಕು. ತೂಬು, ಕೋಡಿ, ಪೋಷಕ ಕಾಲುವೆಗಳ ಹತ್ತಿರ ಸುಳಿಯಬೇಡಿ. ಕಾಲುವೆಯ ಒತ್ತುವರಿಯಲ್ಲಿ ನಿಮ್ಮ ಫೆಲೋಶಿಪ್ ನಾಯಕನ ಭಾವನ ತೋಟ ಇದ್ದರೂ ಇರಬಹುದು. ನೀರು ಬರುವ ದಾರಿ ಮುಚ್ಚಿದ ಕೆರೆಯಲ್ಲಿ ನೀರು ನಿಲ್ಲದಿದ್ದರೆ ಹವಾಮಾನ ಬದಲಾವಣೆ ಇದ್ದೇ ಇದೆ.

ಊರವರಿಂದ ವಂತಿಗೆ ಕೇಳಬೇಡಿ. ಕುಡಿಮರಾಮತ್ತು ಎಂಬ ಹಳೆಯ ಪದ್ಧತಿಯಲ್ಲಿ ಕೆರೆಯ ನೀರು ಉಣ್ಣುವವರೇ ಕೆರೆಯ ದುರಸ್ತಿಗೂ ಮೈಬಗ್ಗಿಸುತ್ತಿದ್ದರು. ತಮಿಳುನಾಡು ಸರ್ಕಾರ ಆ ಹೆಸರಿನಲ್ಲಿ ಯೋಜನೆ ತಂದಾಗಲೂ ರೈತರ ಪಾಲು ಶೇ. 10 ಇರಲಿ, ದುಡ್ಡಾದರೂ ಸರಿ, ದುಡಿಮೆಯಾದರೂ ಸರಿ ಎಂದಿತು. ನೀವು ಪೂರ್ತಿ ನೂರು ನೀವೇ ಹಾಕಿ. ಹತ್ತು ರೂಪಾಯಿ ಹಾಕಿದವನು ಹತ್ತು ಪ್ರಶ್ನೆ ಕೇಳುತ್ತಾನೆ. ಏನೂ ಹಾಕದವನು ಚಪ್ಪಾಳೆ ತಟ್ಟುತ್ತಾನೆ.

ಸೇಲಂ ನಗರದ ಮೂಕನೇರಿಯನ್ನು ತಪ್ಪಿಯೂ ಹೊಗಳಬೇಡಿ. 2010ರಲ್ಲಿ ಸೇಲಂ ನಾಗರಿಕ ವೇದಿಕೆಯವರು ಸುಮಾರು 58 ಎಕರೆಯ ಆ ಕೆರೆಯನ್ನು ಜನರಿಂದಲೇ ಹಣ ಕೂಡಿಸಿ ಎತ್ತಿಕೊಂಡರು. ಹೂಳನ್ನು ಲಾರಿಗೆ ತುಂಬಿ ಸಾಗಿಸದೆ ಕೆರೆಯೊಳಗೇ ನಡುಗಡ್ಡೆಗಳಾಗಿ ಗುಡ್ಡೆಹಾಕಿ, ಮೇಲೆ ಗಿಡ ನೆಟ್ಟರು, ಹಕ್ಕಿಗಳು ಬಂದವು. ಲಾರಿ ಬಾಡಿಗೆಯ ಬಿಲ್ಲೇ ಇಲ್ಲದ ಯೋಜನೆಯನ್ನು ಯಾವ ಆಡಿಟರ್ ಗೌರವಿಸುತ್ತಾನೆ?

ಎರಡನೆಯ ಆಯ್ಕೆ ಶುದ್ಧ ನೀರಿನ ಘಟಕ. ಧರ್ಮಪುರಿಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಕುಡಿದು ಬೆಳೆದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ಇನ್ನೂ ಹೆಚ್ಚಾದರೆ ಮೂಳೆ ಬಿರುಸಾಗಿ ಸೊಂಟ ಬಾಗುತ್ತದೆ. ಜಪಾನಿನ ಸಾಲದಲ್ಲಿ ಕಟ್ಟಿ 2013ರಲ್ಲಿ ಉದ್ಘಾಟನೆಯಾದ ಹೊಗೇನಕಲ್ ಯೋಜನೆ ಕಾವೇರಿ ನೀರನ್ನು ಧರ್ಮಪುರಿ, ಕೃಷ್ಣಗಿರಿಯ ಹಳ್ಳಿಗಳಿಗೆ ತರುವುದು ಇದಕ್ಕಾಗಿಯೇ. ಆ ಕೊಳವೆ ನಿಮ್ಮ ಹಳ್ಳಿಗೆ ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು ಬರುತ್ತದೆ ಎಂದು ವಿಚಾರಿಸಬೇಡಿ. ಹಾಗೆ ವಿಚಾರಿಸಿ, ಊರವರ ಜೊತೆ ಅರ್ಜಿ ಹಿಡಿದು ಕಲೆಕ್ಟರ್ ಕಚೇರಿಗೆ ನಡೆದರೆ ಖರ್ಚು ಬಸ್ ಚಾರ್ಜಿಗೆ ಮುಗಿದುಹೋಗುತ್ತದೆ. ನೇರವಾಗಿ ಆರ್‌ಒ ಯಂತ್ರ ತಂದು ಕೂರಿಸಿ. ರಿಬ್ಬನ್ ಕತ್ತರಿಸುವಾಗ ಯಾರಾದರೂ ‘ಸಾರ್, ಕರೆಂಟ್ ಬಿಲ್ ಯಾರು ಕಟ್ಟೋದು? ಮೆಂಬ್ರೇನ್ ಹೋದ್ರೆ ಯಾರಿಗೆ ಫೋನ್ ಮಾಡೋದು?’ ಅಂದರೆ, ‘ಅದು ಸಮುದಾಯದ ಹೊಣೆ’ ಎಂದು ಗಂಭೀರವಾಗಿ ಹೇಳಿ. ತೀರ್ಮಾನ ನಿಮ್ಮದು, ಹೊಣೆ ಅವರದು. ಈ ವಿಂಗಡಣೆಯನ್ನು ಯಾವ ಹಂತದಲ್ಲೂ ಮರೆಯಬೇಡಿ.

ಹಂತ 7: ಹಣವನ್ನು ಮಳೆಗೆ ಸರಿಯಾಗಿ ಬಿಡಿ

ಏಪ್ರಿಲಿನಲ್ಲಿ ತಾತ್ವಿಕ ಒಪ್ಪಿಗೆ ಕೊಡಿ. ಜೂನಿನಲ್ಲಿ ಎರಡು ಸ್ಪಷ್ಟೀಕರಣ ಕೇಳಿ. ಆಗಸ್ಟಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿ. ಮೊದಲ ಕಂತನ್ನು ಅಕ್ಟೋಬರಿನಲ್ಲಿ, ಹಿಂಗಾರು ಹಿಡಿದು ಕೆರೆಯಂಗಳ ಕೆಸರಾದ ಮೇಲೆ ಬಿಡುಗಡೆ ಮಾಡಿ. ಹೂಳೆತ್ತಲು ತಕ್ಕದಾದ ಬೇಸಿಗೆ ಬರುವ ಹೊತ್ತಿಗೆ, ಮಾರ್ಚ್ 31ರೊಳಗೆ, ವಿನಿಯೋಗ ಪ್ರಮಾಣಪತ್ರ ಕೇಳಿ. ಟ್ರಸ್ಟಿನ ಆದಾಯದಲ್ಲಿ ಶೇ. 85ರಷ್ಟನ್ನು ವರ್ಷದೊಳಗೆ ಉದ್ದೇಶಕ್ಕೆ ಬಳಸಬೇಕೆಂಬ ತೆರಿಗೆ ನಿಯಮ ನಿಮಗೆ ಗೊತ್ತು. ಹಳ್ಳಿಗೆ ಗೊತ್ತಿರುವುದು ಆಷಾಢ, ಕಾರ್ತಿಕ. ಎರಡು ಪಂಚಾಂಗ ತಾಳೆಯಾಗದಿದ್ದಾಗ ಹಣ ಕೊಟ್ಟವರ ಪಂಚಾಂಗವೇ ಪ್ರಮಾಣ.

ಕೊನೆಯ ವಾರದಲ್ಲಿ ದುಡ್ಡು ಉಳಿದರೆ ಗಾಬರಿಯಾಗಬೇಡಿ. ಶಾಲೆಗೆ ಇನ್ನೊಂದು ಪ್ರೊಜೆಕ್ಟರ್ ಕೊಡಿಸಿ. ಹೋದ ವರ್ಷದ್ದು ಬೀರುವಿನಲ್ಲಿ ಒಂಟಿಯಾಗಿದೆ.

ಹಂತ 8: ಫಲಕವನ್ನು ಮರೆಯಬೇಡಿ

ಒಂದು ಪಾಠವನ್ನು ಚರಿತ್ರೆಯಿಂದಲೇ ಕಲಿಯಿರಿ. 1925ರಲ್ಲಿ ರಾಜಾಜಿ ತಿರುಚೆಂಗೋಡಿನ ಹತ್ತಿರದ ಪುದುಪಾಳ್ಯಂನಲ್ಲಿ ಗಾಂಧಿ ಆಶ್ರಮ ಕಟ್ಟಿದರು. ಆಗ ಅದು ಸೇಲಂ ಜಿಲ್ಲೆ. ಭೂಮಿ ಕೊಟ್ಟವರು ಅಲ್ಲಿನ ಜಮೀನ್ದಾರರು. ಜಾಗ ಕೊಟ್ಟು, ಆಶ್ರಮವನ್ನು ಆಶ್ರಮದವರಿಗೇ ಬಿಟ್ಟರು. ನೂರು ವರ್ಷ ಕಳೆದಿದೆ, ಜನ ಅದನ್ನು ಗಾಂಧಿಯ ಹೆಸರಿನಲ್ಲಿ, ರಾಜಾಜಿಯ ಹೆಸರಿನಲ್ಲಿ ನೆನೆಯುತ್ತಾರೆ. ದಾನಿಯ ಹೆಸರು ಎಷ್ಟು ಜನರಿಗೆ ಗೊತ್ತು? ಒಂದು ಕಲ್ಲು ನೆಡಿಸಿದ್ದರೆ ಈ ಅನ್ಯಾಯ ಆಗುತ್ತಿರಲಿಲ್ಲ.

ಆದ್ದರಿಂದ ಶಾಲೆಯ ಬೆಂಚಿಗೆ, ಬೋರ್‌ವೆಲ್‌ಗೆ, ಅಂಗನವಾಡಿಯ ತಟ್ಟೆಗೆ, ಶೌಚಾಲಯದ ಬಾಗಿಲಿಗೂ ನಿಮ್ಮ ಚಿಹ್ನೆ ಹಾಕಿಸಿ. ಫಲಕದ ಅಕ್ಷರ ಹೆದ್ದಾರಿಯಿಂದ ಓದುವಷ್ಟು ದಪ್ಪವಿರಲಿ. ಕೆಲಸ ಮಾಡಿದ ಊರವರ ಹೆಸರು ಬೇಡ. ಪಟ್ಟಿ ಉದ್ದವಾಗುತ್ತದೆ, ಗ್ರಾನೈಟ್ ದುಬಾರಿ.

ಹಂತ 9: ಬೇಕಾದ್ದನ್ನೇ ಅಳೆಯಿರಿ

ಫಲಾನುಭವಿಗಳ ಸಂಖ್ಯೆ ದೊಡ್ಡದಾಗಿರಬೇಕು. ಒಬ್ಬಳೇ ಹೆಂಗಸನ್ನು ಕೆರೆಯ ಫಲಾನುಭವಿ, ನೀರಿನ ಘಟಕದ ಫಲಾನುಭವಿ, ತರಬೇತಿಯ ಫಲಾನುಭವಿ ಎಂದು ಮೂರು ಸಲ ಎಣಿಸಿ. ಅವಳು ಬಸುರಿಯಾಗಿದ್ದರೆ ನಾಲ್ಕು. ತರಬೇತಿಗೆ ಬಂದವರನ್ನು ಸಹಿಯಿಂದ ಲೆಕ್ಕ ಹಿಡಿಯಿರಿ, ಕಲಿತದ್ದನ್ನು ಕೇಳಬೇಡಿ. ವರ್ಷಕ್ಕೆ ಸರಾಸರಿ 10 ಕೋಟಿ ಅಥವಾ ಅದಕ್ಕೂ ಹೆಚ್ಚು ಸಿಎಸ್‌ಆರ್ ಹೊಣೆಯಿರುವ ಕಂಪನಿ ನಿಮ್ಮದಾದರೆ, 1 ಕೋಟಿ ಅಥವಾ ಅದಕ್ಕೂ ಹೆಚ್ಚಿನ ಯೋಜನೆಗಳಿಗೆ ಹೊರಗಿನ ಸಂಸ್ಥೆಯಿಂದ ಪರಿಣಾಮ ಅಧ್ಯಯನ ಮಾಡಿಸಲೇಬೇಕು. ಯೋಜನೆಯನ್ನು 99 ಲಕ್ಷಕ್ಕೆ ನಿಲ್ಲಿಸಿ.

ಕೆಲವು ಪ್ರಶ್ನೆಗಳನ್ನು ನಮೂನೆಯಲ್ಲೇ ಇಡಬೇಡಿ. ನಿಮ್ಮವರು ಬಾರದ ತಿಂಗಳಲ್ಲೂ ಸಭೆ ನಡೆಯಿತೆ? ಬ್ಯಾಂಕಿನ ಚೆಕ್ಕಿಗೆ ಸಹಿ ಯಾರದು? ನೀವು ಹೇಳಿದ್ದಕ್ಕೆ ಊರು ಎಂದಾದರೂ ‘ಬೇಡ’ ಅಂದದ್ದುಂಟೆ? ಈ ಮೂರಕ್ಕೆ ಉತ್ತರ ಹುಡುಕಲು ಹೊರಟರೆ ಊರಿನ ಪರಿಣಾಮ ಅಧ್ಯಯನವಾಗುವ ಬದಲು ನಿಮ್ಮದೇ ಆಗಿಬಿಡುತ್ತದೆ. ಸಿಟ್ಟಿಲಿಂಗಿಯ 147 ಇಳಿಯಲು ವರ್ಷಗಟ್ಟಲೆ ಹಿಡಿಯಿತು. ನಿಮ್ಮ ವಾರ್ಷಿಕ ವರದಿ ಸೆಪ್ಟೆಂಬರಿಗೆ ಅಚ್ಚಿಗೆ ಹೋಗಬೇಕು.

ಹಂತ 10: ಹೇಳದೆ ಹೊರಡಿ

ಮೂರನೆಯ ವರ್ಷದ ಹೊತ್ತಿಗೆ ಮಂಡಳಿಗೆ ಬೇಸರ ಬರುತ್ತದೆ. ನೀರಿನ ಬದಲು ಕೃತಕ ಬುದ್ಧಿಮತ್ತೆ, ಕೆರೆಯ ಬದಲು ಕೌಶಲ್ಯ ಎಂದು ಯಾರೋ ಸಮಾವೇಶದಲ್ಲಿ ಹೇಳಿರುತ್ತಾರೆ. ಕೂಡಲೇ ಆದ್ಯತೆ ಬದಲಿಸಿ. ಊರಿಗೆ ಒಂದು ಮಿಂಚಂಚೆ ಸಾಕು. ‘ಸುಸ್ಥಿರತೆಯ ಹಂತ ತಲುಪಿದ್ದೇವೆ’ ಎಂದು ಬರೆಯಿರಿ. ಟಿವಿಎಸ್ ಎಕ್ಸ್‌ಎಲ್ ಹುಡುಗಿಗೆ ಮಾರ್ಚ್ ಕೊನೆಯಲ್ಲಿ ಧನ್ಯವಾದ ಹೇಳಿ, ಏಪ್ರಿಲಿನಿಂದ ಸಂಬಳ ನಿಲ್ಲಿಸಿ. ಮೂರು ವರ್ಷದಲ್ಲಿ ಅವಳು ಕಲಿತದ್ದೆಲ್ಲ ಅವಳ ಜೊತೆಯಲ್ಲೇ ಹೋಗಲಿ, ಎಲ್ಲೂ ಬರೆದಿಡಿಸಬೇಡಿ.

ಆರು ತಿಂಗಳ ಮೇಲೆ ಯಂತ್ರ ಕೆಟ್ಟು, ಕೆರೆಯಲ್ಲಿ ಜಾಲಿ ಚಿಗುರಿದಾಗ, ‘ಸಮುದಾಯಕ್ಕೆ ತನ್ನದೆಂಬ ಭಾವನೆ ಬರಲಿಲ್ಲ’ ಎಂದು ಲೇಖನ ಬರೆಯಿರಿ. ಬೆಂಗಳೂರಿನ ಸಮಾವೇಶಕ್ಕೆ ಆಹ್ವಾನ ಖಾತ್ರಿ. ವಿಷಯ: ‘ಗ್ರಾಮೀಣ ನಾಯಕತ್ವದ ಸವಾಲುಗಳು’.

ತುರ್ತು ಸೂಚನೆ: ಗೆಲುವಿನ ಲಕ್ಷಣ ಕಂಡರೆ

ಎಷ್ಟು ಜಾಗರೂಕರಾಗಿದ್ದರೂ ಕೆಲವೊಮ್ಮೆ ಊರು ಗೆದ್ದುಬಿಡುತ್ತದೆ. ಲಕ್ಷಣಗಳನ್ನು ಬೇಗ ಗುರುತಿಸಿ. ನಿಮ್ಮವರು ತಲುಪುವ ಮೊದಲೇ ಸಭೆ ಶುರುವಾಗಿರುತ್ತದೆ. ಕುರ್ಚಿ ಇದ್ದರೂ ಎಲ್ಲರೂ ನೆಲದ ಮೇಲೆ ಕೂತಿರುತ್ತಾರೆ, ನಿಮಗೂ ಚಾಪೆ ತೋರಿಸುತ್ತಾರೆ. ಯಂತ್ರದ ರಿಪೇರಿಗೆ ಮನೆಗಿಷ್ಟು ಎಂದು ಎತ್ತಿದ ದುಡ್ಡು ಸಂಘದ ಖಾತೆಯಲ್ಲಿ ಕಾಣುತ್ತದೆ. ಕಾಲುವೆ ಒತ್ತುವರಿಯ ವಿರುದ್ಧ ಗ್ರಾಮಸಭೆಯಲ್ಲಿ ನಿರ್ಣಯ ಆಗಿರುತ್ತದೆ. ನಿಮ್ಮ ಫೆಲೋಶಿಪ್ ನಾಯಕ ಹಿಂದಿನ ಸಾಲಿನಲ್ಲಿ ಕೂತು ಮೊಬೈಲ್ ನೋಡುತ್ತಿರುತ್ತಾನೆ. ಕೊನೆಗೆ, ಹಂತ 4ರಲ್ಲಿ ದೂರವಿರಿ ಎಂದು ಹೇಳಿದ್ದೆನಲ್ಲ, ಆ ಹೆಂಗಸು ಎದ್ದು ಕೇಳುತ್ತಾಳೆ: ‘ನಮ್ಮ ಸಂಘದ ಲೆಕ್ಕ ಓದಿ ಆಯ್ತು ಸಾರ್. ನಮ್ಮೂರಿನ ಹೆಸರಲ್ಲಿ ನಿಮ್ಮ ಟ್ರಸ್ಟಿಗೆ ಎಷ್ಟು ಬಂತು, ಎಷ್ಟು ಖರ್ಚಾಯ್ತು, ಅದನ್ನೂ ಓದಿಬಿಡಿ.’

ಆಗ ವಾದಕ್ಕೆ ಇಳಿಯಬೇಡಿ. ನೀರು ಕುಡಿಯಿರಿ, ಗಡಿಯಾರ ನೋಡಿ, ಇನ್ನೊಂದು ಕಾರ್ಯಕ್ರಮ ಇದೆ ಎಂದು ಎದ್ದುಬಿಡಿ. ಅನುದಾನ ಏರಿಸುತ್ತೇನೆಂದು ಆಸೆ ತೋರಿಸಿಯೂ ನೋಡಬೇಡಿ, ಅವರು ಷರತ್ತು ಹಾಕುತ್ತಾರೆ. ಸುಮ್ಮನೆ ಜಿಲ್ಲೆ ಬದಲಿಸಿ. ತಮಿಳುನಾಡಿನಲ್ಲಿ 38 ಜಿಲ್ಲೆಗಳಿವೆ, ಕರ್ನಾಟಕದಲ್ಲಿ 31. ಹೊಸವೂ ಹುಟ್ಟುತ್ತಿರುತ್ತವೆ: ಸೇಲಂ ಒಡೆದು 1965ರಲ್ಲಿ ಧರ್ಮಪುರಿಯಾಯಿತು, 1997ರಲ್ಲಿ ನಾಮಕ್ಕಲ್ ಆಯಿತು, ಧರ್ಮಪುರಿ ಒಡೆದು 2004ರಲ್ಲಿ ಕೃಷ್ಣಗಿರಿಯಾಯಿತು. ನಿಮ್ಮ ದುಡ್ಡು ಮುಗಿದರೂ ಜಿಲ್ಲೆಗಳು ಮುಗಿಯುವುದಿಲ್ಲ. ಮೊದಲ ವಾಕ್ಯ ಹೇಗೂ ಬರೆದಿಟ್ಟಿದ್ದೀರಿ, ಊರಿನ ಹೆಸರು ಮಾತ್ರ ತಿದ್ದಿಕೊಳ್ಳಿ.